ಒಂದೇ ತಂತಿ, ಬೆರೆಯದ ಹರಿವು

ಕೂಡಲಸಂಗಮದಲ್ಲಿ ಕೃಷ್ಣೆ, ಮಲಪ್ರಭೆ ಕೂಡಿದ ಮೇಲೆ ಯಾವ ಹನಿ ಯಾವ ನದಿಯದೆಂದು ಹೇಳಲಾಗದು. ಒಂದೇ ಜಾಲವನ್ನು ಹಲವು ಪ್ರತ್ಯೇಕ ಜಾಲಗಳಾಗಿ ವಿಂಗಡಿಸುವ ವಿಎಲ್ಯಾನ್ ಇದಕ್ಕೆ ತದ್ವಿರುದ್ಧ. ಕಚೇರಿಯ ಲೆಕ್ಕಪತ್ರ, ಯಾತ್ರಿಕರ ವೈಫೈ, ಸಿಸಿ ಕ್ಯಾಮೆರಾ ಎಲ್ಲವೂ ಒಂದೇ ಕೇಬಲ್‌ನಲ್ಲಿ ಹರಿದರೂ ಬೆರೆಯವು. 1998ರ 802.1ಕ್ಯೂ ಮಾನದಂಡ ಫ್ರೇಮ್‌ಗೆ, ಅಂದರೆ ದತ್ತಾಂಶದ ಕಟ್ಟಿಗೆ, 4 ಬೈಟಿನ ಚೀಟಿ ಅಂಟಿಸುತ್ತದೆ. ಅದರ 12 ಬಿಟ್‌ಗಳಲ್ಲೇ 4094 ಜಾಲಗಳ ಗುರುತು! ಇಷ್ಟು ಪುಟ್ಟ ಉಪಾಯ ಇಷ್ಟು ಕಾಲ ಬಾಳಿದ್ದು ನನಗಂತೂ ಬೆರಗು.

ಆದರೆ ಬಹುಪಾಲು ಫೈರ್‌ವಾಲ್‌ಗಳಲ್ಲಿ ಎರಡು ಪೋರ್ಟ್‌ಗಳಿಗೆ 20 ಎಂಬ ಒಂದೇ ವಿಎಲ್ಯಾನ್ ಸಂಖ್ಯೆ ಕೊಟ್ಟ ಮಾತ್ರಕ್ಕೆ ಅವು ಒಂದಾಗವು. ಎರಡನ್ನೂ ಪೋರ್ಟ್‌ಗಳನ್ನು ಬೆಸೆಯುವ ಬ್ರಿಡ್ಜ್‌ಗೆ ಸೇರಿಸಿ, ಐಪಿ ವಿಳಾಸವನ್ನು ಆ ಬ್ರಿಡ್ಜ್‌ಗೇ ಕೊಡಬೇಕು. ಕೈಯಲ್ಲಿ ಕಾಸಿದ್ದರೆ ಮ್ಯಾನೇಜ್ಡ್ ಸ್ವಿಚ್ ಕೊಂಡು ಫೈರ್‌ವಾಲ್‌ನಿಂದ ಅದಕ್ಕೆ ಟ್ರಂಕ್ (ಹಲವು ವಿಎಲ್ಯಾನ್ ಹೊರುವ ಒಂದೇ ತಂತಿ) ಎಳೆಯುವುದೇ ಲೇಸು: ಬ್ರಿಡ್ಜ್ ಸಾಮಾನ್ಯವಾಗಿ ಫೈರ್‌ವಾಲ್‌ನ ಪ್ರೊಸೆಸರನ್ನೇ ದುಡಿಸುತ್ತದೆ, ಸ್ವಿಚ್ಚಿನಲ್ಲಿ ಆ ಕೆಲಸಕ್ಕೆಂದೇ ಚಿಪ್ ಇರುತ್ತದೆ.