ಘಾಟಿ ಜೀಪಿನ ಹಿಂಬದಿ

ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲೂ ಹೊರಚಕ್ರ ಒಳಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಈ ಜಗಳ ಬಿಡಿಸುವುದು ಡಿಫರೆನ್ಷಿಯಲ್. ವಯನಾಡಿನ ಹಳೆಯ ಮಹೀಂದ್ರಾ ಜೀಪಿನಲ್ಲಿ ಅದು ಗುಂಯ್‌ಗುಟ್ಟತೊಡಗಿದರೆ, ಬಲ್ಲ ಮೇಸ್ತ್ರಿ ಮೊದಲು ಎಣ್ಣೆ ಇಳಿಸಿ ಲೋಹದ ಚೂರು ಹುಡುಕುತ್ತಾನೆ. ಆಮೇಲಿನದೇ ನನಗೆ ಅತಿ ಮೆಚ್ಚು: ಅದರೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನಿನ ಹಲ್ಲುಗಳಿಗೆ ಬಣ್ಣ ಸವರಿ, ತಿರುಗಿಸಿ, ಅದನ್ನು ಓಡಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್ ಎಲ್ಲಿ ಒತ್ತಿತೆಂದು ಓದುವುದು. ಗುರುತು ಹಲ್ಲಿನ ತುದಿಗೆ ಸರಿದಿದ್ದರೆ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆ, ಶಿಮ್, ಸೇರಿಸಿ ಮತ್ತೆ ಬಣ್ಣ, ಮತ್ತೆ ಸುತ್ತು. ಕ್ರೌನ್-ಪಿನಿಯನ್ ಜೋಡಿಯಾಗಿಯೇ ಕೊಳ್ಳಬೇಕು. ಬೇರೆಬೇರೆ ಗುಜರಿಯಿಂದ ತಂದು ಕೂಡಿಸಿದರೆ ಊಳಿಡುತ್ತವೆ. ಆಕ್ಸಲ್ ಶಾಫ್ಟ್ ಕೊಳ್ಳುವಾಗ ಅದರ ತುದಿಯ ಗೀರುಹಲ್ಲುಗಳನ್ನು (ಸ್ಪ್ಲೈನ್) ಎಣಿಸಿ, ಉದ್ದ ಅಳೆದೇ ದುಡ್ಡು ಕೊಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಹಿಡಿದರೂ, ವಯನಾಡಿಗೆ ಮರಳುವ ಬಂಡೀಪುರದ ಕಾಡುದಾರಿ ಸಾಮಾನ್ಯ ವಾಹನಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆನೆಗಳಿಗೆ ನಮ್ಮ ಬಿಡಿಭಾಗದ ಅವಸರವಿಲ್ಲ.