ಧಾರಣೆಯ ಆಚೆಗೆ ಕ್ಯಾಂಪ್ಕೋ

ಕೊಕ್ಕೊ ಕಾಯಿ ಒಡೆದರೆ ಒಳಗೆ ಬಿಳಿ ಲೋಳೆ ಸುತ್ತಿಕೊಂಡ ಬೀಜಗಳು. ಒಡೆದ ಹೊತ್ತಿನಿಂದಲೇ ಆ ಲೋಳೆ ಹುಳಿಯತೊಡಗುತ್ತದೆ. ಹಸಿಬೀಜ ಮಾರುವವನು ಅದೇ ದಿನ, ಹೆಚ್ಚೆಂದರೆ ಮರುದಿನ, ಕೊಳ್ಳುವವರ ಬಾಗಿಲಿಗೆ ಒಯ್ಯಬೇಕು. ಅಡಿಕೆ ಹಾಗಲ್ಲ. ತಿಂಗಳಿಗೂ ಮಿಕ್ಕಿ ಅಂಗಳದ ಬಿಸಿಲು ಕುಡಿದ ಚಾಲಿಯನ್ನು ಗೋಣಿಯಲ್ಲಿ ಕಟ್ಟಿಟ್ಟರೆ ಮುಂದಿನ ವರ್ಷ ಅದು ‘ಹಳತು’ ಎನಿಸಿಕೊಂಡು ಹೊಸ ಅಡಿಕೆಗಿಂತ ಹೆಚ್ಚಿನ ಧಾರಣೆಗೆ ಹೋಗುತ್ತದೆ. ಅಡಿಕೆ ಬೆಳೆದವನು ಕಾಯಬಲ್ಲ, ಕೊಕ್ಕೊ ಬೆಳೆದವನು ಕಾಯಲಾರ. ಮಂಗಳೂರಿನ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆಯ ಐವತ್ತು ವರ್ಷಗಳ ಕೆಲಸವನ್ನು ತೂಗಿ ನೋಡುವಾಗ ನನಗೆ ಮೊದಲು ನೆನಪಾಗುವುದು ಈ ವ್ಯತ್ಯಾಸ.

1970ರ ದಶಕದಲ್ಲಿ ನಮ್ಮ ಅಡಿಕೆ ತೋಟಗಳ ನೆರಳಿನಲ್ಲಿ ಕೊಕ್ಕೊ ಗಿಡ ನೆಡಲು ಹುರಿದುಂಬಿಸಿದ್ದು ಚಾಕೊಲೇಟ್ ತಯಾರಿಸುವ ಖಾಸಗಿ ಕಂಪೆನಿ. ಗಿಡಗಳು ಫಸಲಿಗೆ ಬಂದು ದಶಕ ಮುಗಿಯುತ್ತಿದ್ದಂತೆ ಧಾರಣೆ ನೆಲಕಚ್ಚಿತು, ಖರೀದಿ ಕುಗ್ಗಿತು. ಬೇಸತ್ತು ಗಿಡ ಕಡಿದು ಹಾಕಿದವರಿದ್ದರು. ಒಬ್ಬನೇ ಗಿರಾಕಿಯನ್ನು ನಂಬಿ ಬೆಳೆ ಬೆಳೆದವನ ಪಾಡು ಅದು. ಆಗ ಹಸಿಬೀಜ ಕೊಳ್ಳಲು ಮುಂದೆ ಬಂದದ್ದು ಅಡಿಕೆಗೆಂದು ಹುಟ್ಟಿದ ಕ್ಯಾಂಪ್ಕೋ. ಕೊಂಡದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಅದು ಕಂಡುಕೊಂಡ ಉತ್ತರ ಪುತ್ತೂರಿನ ಕೆಮ್ಮಿಂಜೆಯಲ್ಲಿದೆ. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದ ಆ ಚಾಕೊಲೇಟ್ ಕಾರ್ಖಾನೆಯ ಒಡೆಯರು ಕೊಕ್ಕೊ ಬೆಳೆಯುವ ಕೃಷಿಕರೇ. ಬೀಜ ಹುರಿದು, ಅರೆದು, ಬೆಣ್ಣೆ ತೆಗೆಯುವ ಯಂತ್ರಗಳು ಬೆಳೆಗಾರನ ಪಾಲಿನ ಆಸ್ತಿ. ಪ್ರಪಂಚದ ಬಹುಪಾಲು ಕೊಕ್ಕೊ ಬೆಳೆಗಾರರಿಗೆ, ಪಶ್ಚಿಮ ಆಫ್ರಿಕದ ರೈತರೂ ಸೇರಿ, ಇಂದಿಗೂ ಈ ಮಾತು ಹೇಳಲಾಗುವುದಿಲ್ಲ. ಕರ್ನಾಟಕದ ಸಹಕಾರ ಚಳವಳಿ ಕೈಹಾಕಿದ ಕೆಲಸಗಳಲ್ಲಿ ಇಷ್ಟು ಎದೆಗಾರಿಕೆಯದು ಅಪರೂಪ. ನಾನು ಇದನ್ನು ಅಭಿಮಾನದಿಂದಲೇ ಹೇಳುತ್ತೇನೆ.

ಸಂಸ್ಥೆ ಹುಟ್ಟಿದ್ದೂ ಇಂಥದೇ ಸಂಕಟದಲ್ಲಿ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಊರಿನಲ್ಲಿ ಸಾಲಗಾರರ ಮನೆಗಳೇ ತುಂಬಿದ್ದವು. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳಾಗಿ 1973ರ ಜುಲೈ 11ರಂದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದೇ ಸಂಘದೊಳಗೆ ತಂದರು. ಭಾಷಾವಾರು ಗಡಿ ಕಾಸರಗೋಡನ್ನು ಬೇರೆ ಮಾಡಿ ಆಗ ಇನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ ಎಂಬುದನ್ನು ನೆನೆದರೆ ಆ ನಿರ್ಧಾರದ ತೂಕ ತಿಳಿಯುತ್ತದೆ. ತೋಟಕ್ಕೂ ಮಾರುಕಟ್ಟೆಗೂ ಆ ಗಡಿ ಗೊತ್ತಿರಲಿಲ್ಲ. ಸಂಘವೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಕ್ಯಾಂಪ್ಕೋ ಊರಿನ ಅಡಿಕೆಯನ್ನೆಲ್ಲ ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಅದರ ಖರೀದಿ ಕೇಂದ್ರದ ಹಲಗೆಯ ಮೇಲೆ ಹೊಸತಿಗೆ ಇಷ್ಟು, ಹಳತಿಗೆ ಇಷ್ಟು, ಕೆಳದರ್ಜೆಯ ಪಟೋರಕ್ಕೆ ಇಷ್ಟು, ಕರಿಗೋಟಿಗೆ ಇಷ್ಟು ಎಂದು ಬರೆದ ಕೂಡಲೇ ಪೇಟೆಯ ವ್ಯಾಪಾರಿ ಅದಕ್ಕಿಂತ ತೀರಾ ಕೆಳಗೆ ಕೇಳಲು ಹಿಂಜರಿಯುತ್ತಾನೆ. ಒಂದು ಗೋಣಿಯನ್ನೂ ಸಂಘಕ್ಕೆ ಹಾಕದ ಬೆಳೆಗಾರನಿಗೂ ಆ ಹಲಗೆಯಿಂದ ಲಾಭ. ಸಂಸ್ಥೆಯ ನಿಜವಾದ ಸೇವೆ ಇದು. ವಾರ್ಷಿಕ ವರದಿಯ ಯಾವ ಅಂಕಣದಲ್ಲೂ ಇದು ಕಾಣುವುದಿಲ್ಲ.

ಸಂಸ್ಥೆಯನ್ನು ಒಳಗಿನಿಂದ ಸವೆಸುವ ಕಾಯಿಲೆಯೂ ಇಲ್ಲೇ ಇದೆ. ವ್ಯಾಪಾರಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟ ದಿನ ಸದಸ್ಯ ಅವನ ಅಂಗಡಿಗೆ ಹೋಗುತ್ತಾನೆ. ಧಾರಣೆ ಬಿದ್ದ ದಿನ ಸಂಘದ ಮುಂದೆ ಸಾಲು. ಏರುಮುಖದಲ್ಲಿ ಮಾಲು ಸಿಗದ, ಇಳಿಮುಖದಲ್ಲಿ ಗೋದಾಮು ತುಂಬುವ ವ್ಯವಹಾರವನ್ನು ಯಾವ ವ್ಯಾಪಾರಿಯೂ ಮಾಡಲಾರ, ಸಂಘ ಮಾತ್ರ ಮಾಡಬೇಕು. ಪಾಲು ಹಣ ಕಟ್ಟಿದವರೆಲ್ಲ ಒಡೆಯರು ಎಂದು ಕಾಗದ ಹೇಳುತ್ತದೆ, ನಡವಳಿಕೆಯಲ್ಲಿ ನಾವು ಗಿರಾಕಿಗಳು. ಸದಸ್ಯರ ಸಂಖ್ಯೆ ಲಕ್ಷ ದಾಟಿರುವಾಗ ಒಬ್ಬೊಬ್ಬರಿಗೂ ಒಂದೇ ಮತ ಎಂಬ ಚೆಂದದ ನಿಯಮವೂ ಮಹಾಸಭೆಯ ದಿನದ ಕೈ ಎತ್ತುವಿಕೆಗೆ ಇಳಿದುಬಿಡುವ ಅಪಾಯವಿದೆ. ಈ ದೋಷವನ್ನು ಆಡಳಿತ ಮಂಡಳಿಯ ತಲೆಗೆ ಕಟ್ಟಲು ನಾನು ಒಪ್ಪುವುದಿಲ್ಲ. ತಪ್ಪು ತೋಟದ ಮನೆಯಲ್ಲಿದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಒಳಗಿನದು. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಜಾರುವ ಮರದ ತುದಿಯಲ್ಲಿ ನಿಂತು ಮೈಲುತುತ್ತಿನ ದ್ರಾವಣ ಸಿಂಪಡಿಸುವವನು, ಕೊಯ್ಲಿಗೆ ಮರದಿಂದ ಮರಕ್ಕೆ ಜಿಗಿಯುವವನು, ಕಿಲೋ ಲೆಕ್ಕದ ಕೂಲಿಗೆ ದಿನವಿಡೀ ಕೂತು ಸುಲಿಯುವ ಹೆಂಗಸು: ಇವರಲ್ಲಿ ತೋಟವಿಲ್ಲದವರು ಈ ಸಂಘದ ಒಡೆಯರಲ್ಲ. ಬೆಳೆಗಾರರ ಸಂಘ ಎಂದರೆ ನೆಲವಿದ್ದವರ ಸಂಘ. ಮರ ಏರುವ ತರಬೇತಿ ಶಿಬಿರಗಳಿಗೆ ಕ್ಯಾಂಪ್ಕೋ ಕೈಜೋಡಿಸಿದೆ, ಅದು ಒಳ್ಳೆಯದೇ. ಆದರೆ ತರಬೇತಿ ಕೊಡುವುದು ಬೇರೆ, ಪಾಲು ಕೊಡುವುದು ಬೇರೆ.

ಇದು ಆಗದ ಮಾತು ಎನ್ನುವವರಿಗೆ ಕಣ್ಣೂರು ದೂರವಿಲ್ಲ. ಬೀಡಿ ಕಾರ್ಮಿಕರ ಸೌಲಭ್ಯಕ್ಕೆಂದು 1966ರಲ್ಲಿ ಬಂದ ಕಾಯ್ದೆಯನ್ನು ಕೇರಳ ಜಾರಿಗೆ ತಂದಾಗ ಮಂಗಳೂರಿನ ಬೀಡಿ ಮಾಲೀಕರು ಅಲ್ಲಿನ ಶಾಖೆಗಳನ್ನು ಮುಚ್ಚಿ ಬಂದರು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. 1969ರ ಫೆಬ್ರವರಿಯಲ್ಲಿ ಅವರ ನಡುವಿನಿಂದ ಎದ್ದದ್ದು ದಿನೇಶ್ ಬೀಡಿ ಸಹಕಾರ ಸಂಘ. ಅಲ್ಲಿ ಎಲೆ ಕತ್ತರಿಸಿ ಬೀಡಿ ಕಟ್ಟುವವನೇ ಪಾಲುದಾರ. ಕ್ಯಾಂಪ್ಕೋಗಿಂತ ನಾಲ್ಕೇ ವರ್ಷ ಹಿರಿಯ ಸಂಸ್ಥೆ, ಅದೇ ಕರಾವಳಿಯ ಪಟ್ಟಿ. ಎರಡೂ ಸಹಕಾರವೇ, ಆದರೆ ಒಂದರಲ್ಲಿ ಒಡೆತನ ನೆಲದಿಂದ ಬಂತು, ಇನ್ನೊಂದರಲ್ಲಿ ದುಡಿಮೆಯಿಂದ. ಸಹಕಾರ ಎಂಬ ಒಂದೇ ಪದದೊಳಗೆ ಇಷ್ಟು ಅಂತರ ಇರಬಹುದೆಂದು ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ.

ದಿನೇಶ್‌ನಿಂದ ಕಲಿಯಬೇಕಾದ್ದು ಇನ್ನೂ ಒಂದಿದೆ. ಬೀಡಿ ಆರೋಗ್ಯಕ್ಕೆ ಕೇಡು ಎಂಬುದು ಜನರಿಗೆ ನಾಟಿ ಮಾರಾಟ ಇಳಿದಾಗ ಅದು ಕೊಡೆ, ಸಿದ್ಧ ಉಡುಪು, ತಿನಿಸುಗಳ ತಯಾರಿಕೆಗೆ ಕೈಹಾಕಿತು. ಅಡಿಕೆಯ ಮುಂದೆಯೂ ಅಂಥ ದಿನ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಬರಿ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪುತ್ತಿಲ್ಲ, ಹೊಸ ಸಂಶೋಧನೆ ಬೇಕೆನ್ನುತ್ತಿವೆ. ಹಬ್ಬಕ್ಕೆ, ಮದುವೆಗೆ, ದೈವದ ಹರಕೆಗೆ ವೀಳ್ಯದೆಲೆಯ ಮೇಲಿಡುವ ಕಾಯಿಯ ಬಗ್ಗೆ ಇಂಥ ಮಾತು ಕೇಳುವುದು ನನಗೂ ಹಿತವಲ್ಲ. ಆದರೂ ಕೇಳಲೇಬೇಕು. ಬಿಡಿ ವ್ಯಾಪಾರಿ ತನ್ನ ಮಾಲನ್ನು ಸಮರ್ಥಿಸುತ್ತಾ ಕೂರಬಹುದು. ಲಕ್ಷ ಮನೆಗಳ ಅನ್ನ ಹಿಡಿದ ಸಂಸ್ಥೆ ಸಮರ್ಥನೆಗೆ ನಿಂತರೆ ಸಾಲದು, ಮುಂದಿನ ಬೆಳೆ ಯಾವುದು ಎಂಬ ಲೆಕ್ಕವನ್ನೂ ಈಗಲೇ ಸದಸ್ಯರ ಮುಂದಿಡಬೇಕು.

ಕಾಳುಮೆಣಸು, ರಬ್ಬರ್ ಖರೀದಿಯೂ ಕ್ಯಾಂಪ್ಕೋಗೆ ಹೊಸದಲ್ಲ. ಆದರೆ ನಮ್ಮ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬುವುದು ಅಡಿಕೆ ಮರಕ್ಕೆ, ಕೊಕ್ಕೊ ಬೆಳೆಯುವುದು ಅದರದೇ ನೆರಳಿನಲ್ಲಿ. ಅಡಿಕೆ ಹೋದರೆ ಈ ಎರಡಕ್ಕೂ ಆಸರೆ ಬೇರೆ ಹುಡುಕಬೇಕು. ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ, ಅಲ್ಲಿನ ಬೆಳೆಗಾರರಿಗೆ ಇದು ಇಂದಿನ ಕಷ್ಟ. ಕೆಮ್ಮಿಂಜೆಯ ಕಾರ್ಖಾನೆಗೆ ಕೊಕ್ಕೊ ಒದಗಿಸುವ ಗಿಡಗಳು ಅಡಿಕೆಯಿಲ್ಲದೆ ಎಲ್ಲಿ, ಯಾವ ನೆರಳಿನಲ್ಲಿ ಬೆಳೆಯಬೇಕು ಎಂಬ ಪ್ರಶ್ನೆಯನ್ನು ಮುಂದಿನ ಮಹಾಸಭೆಯಲ್ಲಿ ಎತ್ತುವ ಹಕ್ಕು ಪ್ರತಿ ಸದಸ್ಯನಿಗೂ ಇದೆ.