ನುಡಿ ನಿಲ್ಲುವ ಮೊದಲು: ‘ಟ್ಯೂಸ್‌ಡೇಸ್ ವಿತ್ ಮೊರಿ’ ಕೃತಿಯ ಪರಿಶೀಲನೆ

ಸಮಾಧಿಮರಣದ ಮಾತು ಜೈನ ಮನೆಗಳಿಗೆ ಹೊಸದಲ್ಲ. ಬಸದಿಯ ಪ್ರವಚನದಲ್ಲಿ, ಪುರಾಣಶ್ರವಣದಲ್ಲಿ ಅದನ್ನು ಕೇಳುತ್ತಲೇ ಬೆಳೆಯುತ್ತೇವೆ. ಆದರೆ ವಾಸಿಯಾಗದ ರೋಗದಿಂದ ಹಾಸಿಗೆ ಹಿಡಿದ ಹಿರಿಯರ ಬಳಿ ಕುಳಿತು, ಅವರ ಇಚ್ಛೆಯೇನೆಂದು ಕೇಳುವ ಧೈರ್ಯ ಎಷ್ಟು ಮನೆಗಳಲ್ಲಿದೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಬೇಕಾದ ಕೃತಿ, 1997ರಲ್ಲಿ ಪ್ರಕಟವಾದ ಮಿಚ್ ಆಲ್ಬಮ್ ಅವರ ‘ಟ್ಯೂಸ್‌ಡೇಸ್ ವಿತ್ ಮೊರಿ’.

ಮೊರಿ ಶ್ವಾರ್ಟ್ಸ್ ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1994ರ ಆಗಸ್ಟ್‌ನಲ್ಲಿ ಅವರಿಗೆ ಎ.ಎಲ್.ಎಸ್. ಎಂಬ ನರರೋಗವಿರುವುದು ತಿಳಿಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಈ ರೋಗದಲ್ಲಿ ಒಂದೊಂದಾಗಿ ನಶಿಸುತ್ತವೆ. ಕೈಕಾಲು, ನುಂಗುವ ಶಕ್ತಿ, ಮಾತು, ಕೊನೆಗೆ ಉಸಿರು, ಹೀಗೆ ದೇಹವು ಸೋಲುತ್ತ ಹೋಗುತ್ತದೆ. ರೋಗ ತೋರಿದ ಮೇಲೆ ಬಹುಮಂದಿಯ ಆಯುಷ್ಯ 2ರಿಂದ 5 ವರ್ಷ. ಹಳೆಯ ಶಿಷ್ಯರಾದ ಆಲ್ಬಮ್ ಹದಿನಾಲ್ಕು ಮಂಗಳವಾರ ಗುರುಗಳೊಡನೆ ನಡೆಸಿದ ಸಂವಾದವೇ ಈ ಕೃತಿಯ ಶರೀರ. 1995ರ ನವೆಂಬರ್ 4ರಂದು ಮೊರಿ ತೀರಿಕೊಂಡರು.

ಕೃತಿಯ ಹಿರಿಮೆ ಅದರ ಉಪದೇಶದಲ್ಲಿಲ್ಲ, ಒಂದು ಪರಿವರ್ತನೆಯ ಪ್ರಾಮಾಣಿಕ ನಿರೂಪಣೆಯಲ್ಲಿದೆ. ಶೌಚದ ನಂತರ ತಮ್ಮನ್ನು ಇನ್ನೊಬ್ಬರು ಶುಚಿಗೊಳಿಸಬೇಕಾಗುವ ದಿನವೇ ತಮಗೆ ಅತ್ಯಂತ ಭಯಂಕರವೆಂದು ಮೊರಿ ಮೊದಲು ಹೇಳಿದ್ದರು. ಆ ದಿನ ಬಂದಿತು. ನಾಚಿಕೆಯನ್ನು ಬಿಟ್ಟು, ಮಗುವಿನಂತೆ ಆರೈಕೆಯನ್ನು ಸ್ವೀಕರಿಸುವುದನ್ನು ಅವರು ಕಲಿತರು. ಬೆಳಿಗ್ಗೆ ತುಸು ಹೊತ್ತು ತಮಗಾಗಿ ಅತ್ತು, ಅನಂತರ ಅಂದು ತಮ್ಮನ್ನು ಕಾಣಲು ಬರುವವರತ್ತ ಮನಸ್ಸು ತಿರುಗಿಸುತ್ತಿದ್ದರು. ಆರೋಗ್ಯವಂತನು ‘ಆ ಸ್ಥಿತಿ ಬಂದರೆ ಬದುಕಲಾರೆ’ ಎಂದ ಮಾತೇ ಅವನ ಕೊನೆಯ ಮಾತಾಗಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೃತಿಯ ಕೊರತೆಯೂ ಇಲ್ಲಿಯೇ ಇದೆ. ಮದುವೆ, ಹಣ, ಕ್ಷಮೆ, ಮುಪ್ಪು, ಮರಣ ಇವಕ್ಕೆಲ್ಲ ಒಂದೊಂದು ಮಂಗಳವಾರವುಂಟು. ಚಿಕಿತ್ಸೆಯಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಒಂದು ಮಂಗಳವಾರವೂ ಇಲ್ಲ. ನುಂಗಲಾಗದಾಗ ಹೊಟ್ಟೆಗೆ ನೇರವಾಗಿ ಆಹಾರದ ನಳಿಕೆ ಬೇಕೆ? ಬೇಕಾದರೆ ಉಸಿರಿನ ಶಕ್ತಿ ತೀರ ಕುಗ್ಗುವ ಮೊದಲೇ ನಿರ್ಧರಿಸಬೇಕು. ಗಂಟಲಿಗೆ ರಂಧ್ರ ಮಾಡಿ ಯಂತ್ರದಿಂದ ಉಸಿರಾಡಿಸಬೇಕೆ? ಅದರಿಂದ ಆಯುಷ್ಯ ವರ್ಷಗಳ ಕಾಲ ಬೆಳೆಯಬಹುದು, ಆದರೆ ರೋಗ ನಿಲ್ಲದು. ಹಗಲಿರುಳೂ ಒಬ್ಬರು ಬಳಿಯಿರಬೇಕು. ಯಂತ್ರ ಬೇಡವೆಂದವರಿಗೂ ಉಸಿರುಗಟ್ಟುವ ಸಂಕಟವನ್ನು ಔಷಧದಿಂದ ತಗ್ಗಿಸಬಹುದು. ರೋಗಿಯ ಮನೆಯವರಿಗೆ ಮೊದಲು ಎದುರಾಗುವುದು ಇಂಥ ಪ್ರಶ್ನೆಗಳೇ. ಕೃತಿಯು ಇವನ್ನು ಬದಿಗಿಟ್ಟು ಸೂಕ್ತಿಗಳತ್ತ ಸಾಗುತ್ತದೆ.

ಅಂತ್ಯದ ಪ್ರಸಂಗವಂತೂ ವಿಚಾರಣೀಯ. ಪ್ರಜ್ಞೆ ತಪ್ಪಿದ ಮೊರಿಯನ್ನು ಮನೆಯವರು ಸರದಿಯಂತೆ ಕಾಯುತ್ತಿದ್ದರು. ಎಲ್ಲರೂ ಕ್ಷಣಕಾಲ ಕಾಫಿಗೆಂದು ಹೊರಗೆ ಹೋದಾಗ ಉಸಿರು ನಿಂತಿತು. ಅವರು ಉದ್ದೇಶಪೂರ್ವಕವಾಗಿಯೇ ಹಾಗೆ ಹೊರಟರೆಂದು ಲೇಖಕರ ನಂಬಿಕೆ. ದುಃಖಿತರಿಗೆ ಅದು ಸಾಂತ್ವನ. ಆದರೆ ಮೃತರ ಇಚ್ಛೆಗೆ ಸಾಕ್ಷ್ಯವಲ್ಲ. ‘ಅವರಿಗೂ ಹೀಗೆಯೇ ಬೇಕಿತ್ತು’ ಎಂದು ಉಳಿದವರು ಹೇಳಿಕೊಳ್ಳುವ ಈ ಅಭ್ಯಾಸ ನಮ್ಮ ಮನೆಗಳಲ್ಲೂ ಇಲ್ಲದಿಲ್ಲ.

ಮೊರಿ ಯೆಹೂದಿ ಮನೆತನದವರು. ಅವರ ಮರಣವನ್ನು ಸಲ್ಲೇಖನವೆನ್ನಲಾಗದು. ಆದರೂ ಜೈನ ವಾಚಕರ ಬಳಿ ಈ ಕೃತಿಯನ್ನು ತೂಗಲು ಒಂದು ಒರೆಗಲ್ಲಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಸಲ್ಲೇಖನವನ್ನು ಹೇಳುತ್ತದೆ. ಅದರ ಅತಿಚಾರಗಳಲ್ಲಿ ಜೀವಿತಾಶಂಸೆ, ಮರಣಾಶಂಸೆ ಎರಡನ್ನೂ ಎಣಿಸುತ್ತದೆ. ಬದುಕಬೇಕೆಂಬ ಹಂಬಲವೂ ದೋಷ, ಬೇಗ ಸಾಯಬೇಕೆಂಬ ಹಂಬಲವೂ ದೋಷ. ಭಯವೂ ಆ ಪಟ್ಟಿಯಲ್ಲಿದೆ. ಹೊರೆಯಾದೆನೆಂಬ ಭಯದಿಂದ ‘ಸಾಕು’ ಎನ್ನುವ ರೋಗಿಗೆ ಮೊದಲು ಸಲ್ಲಬೇಕಾದುದು ವೈಯಾವೃತ್ಯ, ಅಂದರೆ ಸೇವೆ. ವ್ರತವಾದರೋ, ಸ್ವೀಕರಿಸುವವರೇ ಅರಿತು ಸ್ವೀಕರಿಸತಕ್ಕದ್ದು. ನುಡಿಯಡಗಿದವರ ಪರವಾಗಿ ಮಕ್ಕಳು ಅದನ್ನು ಸಂಕಲ್ಪಿಸಲಾಗದು.

ಚಿಕಿತ್ಸೆಯ ವಿಷಯದಲ್ಲಿ ಕಾನೂನೂ ಈಗ ಎಡೆಮಾಡಿಕೊಟ್ಟಿದೆ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಜೀವರಕ್ಷಕ ಯಂತ್ರಗಳು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಬರೆದುದನ್ನು ಹಿಂತೆಗೆದುಕೊಳ್ಳಲೂ ಅವಕಾಶವಿದೆ. ಮನಸ್ಸು ಬದಲಾಗುವುದೆಂಬುದಕ್ಕೆ ಮೊರಿಯೇ ದೃಷ್ಟಾಂತವಾಗಿರುವುದರಿಂದ ಈ ಅವಕಾಶ ಅಮೂಲ್ಯ.

ಆದುದರಿಂದ ಈ ಕೃತಿಯನ್ನು ಓದಿ ಕಣ್ಣೊರೆಸಿಕೊಂಡು ಮುಚ್ಚಿಡುವುದು ಸಾಲದು. ಅದು ಬಿಟ್ಟ ಹದಿನೈದನೆಯ ಮಂಗಳವಾರವನ್ನು ಓದುಗರು ತಮ್ಮ ಮನೆಯಲ್ಲಿ ಪೂರೈಸಬೇಕು. ನಾಲಗೆ ತೊಡರುವ ಮೊದಲು ಕೇಳಬೇಕು, ಸ್ಥಿತಿ ಬದಲಾದಾಗ ಮತ್ತೆ ಕೇಳಬೇಕು, ಹೇಳಿದುದನ್ನು ಬರೆದಿಡಬೇಕು. ಬಸದಿಯ ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಶಾಸ್ತ್ರಜ್ಞರನ್ನೂ ವೈದ್ಯರನ್ನೂ ಒಂದೇ ವೇದಿಕೆಗೆ ಕರೆದು ಈ ಮಾತಿಗೆ ಆರಂಭ ಒದಗಿಸಬಹುದು. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳುವುದೂ ಅಹಿಂಸೆಯ ಆಚರಣೆಯೇ ಆಗಿದೆ.